ಇಲ್ಲದ ಬ್ರೇಕಿನ ಮೇಲೊಂದು ದಾವೆ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಬಲಗಾಲು ಮುರಿದದ್ದು ಹೇಗೆ ಎಂಬ ಬಗ್ಗೆ ಬೀದಿಯಲ್ಲಿ ತಲೆಗೊಂದು ಕಥೆ ಓಡಾಡುತ್ತಿತ್ತು. ಬೇಕರಿಯವನ ಪ್ರಕಾರ ಗಾಡಿ ಪಲ್ಟಿಯ ಮೇಲೆ ಪಲ್ಟಿ ಹೊಡೆದಿತ್ತು. ಇಸ್ತ್ರಿಯಂಗಡಿಯವನ ಪ್ರಕಾರ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಓಡಿಸುವುದಾಗಿ ಪಂದ್ಯ ಕಟ್ಟಿದ್ದರು. ಎದುರು ಸಾಲಿನ ಇನ್ನೊಂದು ಡ್ರೈವಿಂಗ್ ಸ್ಕೂಲಿನವನು ಮಾತ್ರ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ತನ್ನ ಬಾಗಿಲ ಮೇಲಿನ ಬೋರ್ಡಿನಲ್ಲಿ 'ನಮ್ಮಲ್ಲಿ ಕಲಿಸುವವರ ಎರಡೂ ಕಾಲು ಸುಸ್ಥಿತಿಯಲ್ಲಿವೆ' ಎಂದು ಬಣ್ಣದಲ್ಲಿ ಬರೆಸಿ ಸುಮ್ಮನಾದ.

ಮೇಷ್ಟ್ರು ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಆ ಬೋರ್ಡನ್ನು ದಿನವಿಡೀ ಓದುತ್ತಿದ್ದರು. ಓದಿ ಓದಿ ಅದರಲ್ಲೊಂದು ತಪ್ಪು ಸಿಗಬಹುದೇ ಎಂದು ಹುಡುಕುತ್ತಿದ್ದರು. ಸಿಗಲಿಲ್ಲ. ಇಷ್ಟು ವರ್ಷ ಗಾಡಿಗೆ ಒಂದು ಗೀರೂ ಬೀಳದಂತೆ ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಮನುಷ್ಯ. ಈಗ ಕಲಿಯಲು ಹೆಸರು ಬರೆಸಿದವರು ಒಬ್ಬೊಬ್ಬರಾಗಿ ಫೋನ್ ಮಾಡಿ, 'ಸದ್ಯಕ್ಕೆ ಮನೇಲಿ ಸ್ವಲ್ಪ ಕೆಲಸ ಇದೆ ಸಾರ್' ಎನ್ನುತ್ತಿದ್ದರು. ಎಲ್ಲರ ಮನೆಯಲ್ಲೂ ಒಟ್ಟಿಗೇ ಕೆಲಸ ಶುರುವಾಗಿತ್ತು.

ನಿಜ ಏನೆಂದು ಮೇಷ್ಟ್ರೊಬ್ಬರಿಗೇ ಗೊತ್ತಿತ್ತು. ಅದು ಬೇಕರಿಯವನ ಕಥೆಗಿಂತ ಎಷ್ಟೋ ಕೆಟ್ಟದಾಗಿತ್ತು.

ಅತ್ತೆಯ ಹುಟ್ಟುಹಬ್ಬಕ್ಕೆಂದು ಹೆಂಡತಿ ಎಲ್ಲರನ್ನೂ ಊರಾಚೆಯ ಮಣ್ಣುದಿಣ್ಣೆಗಳ ಮೈದಾನಕ್ಕೆ ಕರೆದೊಯ್ದಿದ್ದಳು. ಅಲ್ಲಿ ಬಗ್ಗಿಗಳನ್ನು ಬಾಡಿಗೆಗೆ ಕೊಡುತ್ತಾರೆ. ಬಗ್ಗಿ ಎಂದರೆ ಕಬ್ಬಿಣದ ಪೈಪುಗಳಿಗೆ ನಾಲ್ಕು ದಪ್ಪ ಚಕ್ರ, ಎರಡು ಸೀಟು ಸಿಕ್ಕಿಸಿದ ಬಾಗಿಲಿಲ್ಲದ ಗಾಡಿ. ರಸ್ತೆಗಿಳಿಯುವ ಯೋಗ್ಯತೆಯಿಲ್ಲ, ಆದರೆ ದಿಣ್ಣೆ ಹತ್ತುವುದರಲ್ಲಿ ಎತ್ತಿದ ಕೈ. ಓಡಿಸಲು ಲೈಸೆನ್ಸ್ ಬೇಕಿಲ್ಲ. ಅತ್ತೆಗೆ ಬೇಕಾಗಿದ್ದದ್ದೂ ಅದೇ. ಅವರು ಅಳಿಯನ ಬಳಿಯೇ ಡ್ರೈವಿಂಗ್ ಕಲಿಯುತ್ತಿದ್ದರು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಅಳಿಯ ಒತ್ತದೆ ಬಿಟ್ಟ ತಿರುವು ಊರಲ್ಲೇ ಇರಲಿಲ್ಲ. ನಾಯಿ ಕಂಡರೆ ಒತ್ತುತ್ತಿದ್ದರು. ನಾಯಿಯ ನೆರಳು ಕಂಡರೂ ಒತ್ತುತ್ತಿದ್ದರು. ಅತ್ತೆ ಒಂದು ಬೀದಿಯಲ್ಲಾದರೂ ಈ ತುದಿಯಿಂದ ಆ ತುದಿಗೆ ತಾವಾಗಿಯೇ ಓಡಿಸಿದ್ದೆಂಬುದೇ ಇಲ್ಲ.

"ಇವತ್ತೊಂದಿನ ನಿಮ್ಮ ಕಾಲಿಗೆ ರಜಾ ಕೊಡಿ ಅಳಿಯಂದ್ರೇ," ಎಂದು ಪಕ್ಕದ ಸೀಟಿನಲ್ಲಿದ್ದ ಮೇಷ್ಟ್ರಿಗೆ ಹೆಲ್ಮೆಟ್ಟಿನೊಳಗಿಂದ ಹೇಳಿ, ಅತ್ತೆ ಬಗ್ಗಿಯನ್ನು ದಿಣ್ಣೆಗೆ ನುಗ್ಗಿಸಿದರು.

ಮೇಷ್ಟ್ರ ಕಾಲು ರಜಾ ತೆಗೆದುಕೊಳ್ಳಲಿಲ್ಲ. ದಿಣ್ಣೆ ಎದುರಿಗೆ ಎದ್ದು ನಿಂತದ್ದೇ ತಡ, ಬಲಗಾಲು ತನ್ನಷ್ಟಕ್ಕೆ ಮೇಲೆದ್ದು, ಮೈಯ ಬಲವನ್ನೆಲ್ಲ ಒಟ್ಟುಗೂಡಿಸಿ ಬ್ರೇಕ್ ಒತ್ತಿತು. ಅಲ್ಲಿ ಬ್ರೇಕ್ ಇರಲಿಲ್ಲ. ಎರಡು ಪೈಪುಗಳ ನಡುವೆ ಒಂದು ಸಂದಿ ಇತ್ತು. ಕಾಲು ಸಂದಿಯಲ್ಲಿ ತೂರಿ, ಓಡುವ ನೆಲಕ್ಕೆ ತಾಗಿ, ಲಟಕ್ಕೆಂದಿತು. ಮೇಷ್ಟ್ರು ಕಿರುಚಿದರು. ಅಳಿಯನಿಗೆ ಖುಷಿಯಾಯಿತೆಂದುಕೊಂಡ ಅತ್ತೆಯೂ ಕಿರುಚಿದರು. ಬಗ್ಗಿ ಬೆಣ್ಣೆಯಲ್ಲಿ ಜಾರಿದಂತೆ ದಿಣ್ಣೆ ಹತ್ತಿ, ನೆತ್ತಿಯಲ್ಲಿ ನಾಜೂಕಾಗಿ ನಿಂತಿತು.

ಮಗುಚಿಯಾದರೂ ಬಿದ್ದಿದ್ದರೆ! ಮೇಷ್ಟ್ರು ಆಸ್ಪತ್ರೆಯಲ್ಲಿ ಹಲ್ಲು ಕಚ್ಚಿಕೊಂಡು ಯೋಚಿಸಿದ್ದು ಇದನ್ನೇ. ಮಗುಚಿದ ಗಾಡಿಯಲ್ಲಿ ಕಾಲು ಮುರಿದುಕೊಂಡವನಿಗೆ ಒಂದು ಮರ್ಯಾದೆ ಇದೆ. ಅವರು ಡಾಕ್ಟರಿಗೂ ಹೆಂಡತಿಗೂ "ಗಾಡಿ ಜೋರಾಗಿ ಕುಲುಕಿತು, ಕಾಲು ಸಿಕ್ಕಿಹಾಕಿಕೊಳ್ತು" ಎಂದಷ್ಟೇ ಹೇಳಿದರು.

ಬೋರ್ಡ್ ಓದಿ ಓದಿ ಸಾಕಾದ ಒಂದು ಬೆಳಿಗ್ಗೆ ಅವರು ಗುಡುಗಿದರು. "ಕೇಸ್ ಹಾಕ್ತೀನಿ!"

"ಯಾರ ಮೇಲೆ ರೀ?" ಎಂದಳು ಹೆಂಡತಿ.

"ಅದನ್ನ ಲಾಯರ್ ಹೇಳ್ತಾರೆ. ನನಗೆ ದುಡ್ಡು ಬೇಡ. 'ಇದರಲ್ಲಿ ಮೇಷ್ಟ್ರ ತಪ್ಪು ಎಳ್ಳಷ್ಟೂ ಇಲ್ಲ' ಅಂತ ಒಂದು ತೀರ್ಪು ಬೇಕು. ಫ್ರೇಮ್ ಹಾಕಿಸಿ, ಎದುರಿನವನಿಗೆ ಕಾಣೋ ಹಾಗೆ ಬಾಗಿಲಿಗೆ ನೇತುಹಾಕ್ತೀನಿ."

ವಕೀಲರ ಆಫೀಸು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಊರುಗೋಲು, ಕಿರಿದಾದ ಮೆಟ್ಟಿಲು, ಹಿಂದಿನಿಂದ ತಳ್ಳುವ ಹೆಂಡತಿ, ಮುಂದಿನಿಂದ ಎಳೆಯುವ ಅತ್ತೆ. ಮೇಷ್ಟ್ರು ಬೀರುವಿನ ಹಾಗೆ ಅಡ್ಡಡ್ಡಲಾಗಿ ಮೇಲೆ ಬಂದರು. ಎಲ್ಲರೂ ಲಾಯರಮ್ಮ ಎನ್ನುತ್ತಿದ್ದ ಆಕೆ ಇನ್ನೂ ಎಳೆಯ ವಯಸ್ಸಿನವಳು. ಗೋಡೆ ತಕರಾರು, ಬಾಡಿಗೆ ತಕರಾರುಗಳಲ್ಲೇ ದಿನ ತಳ್ಳುತ್ತಿದ್ದವಳಿಗೆ ಬಗ್ಗಿ ಎಂಬ ಮಾತು ಕಿವಿಗೆ ಬಿದ್ದದ್ದೇ ಕಣ್ಣು ಮಿನುಗಿದವು.

"ಬನ್ನಿ ಬನ್ನಿ ಮೇಷ್ಟ್ರೇ. ನೆನಪಿದೆಯಾ, ನಾನೂ ನಿಮ್ಮ ಸ್ಟೂಡೆಂಟೇ."

"ಓಹೋ! ಈಗ ಯಾವ ಕಾರು ಇಟ್ಕೊಂಡಿದ್ದೀರಿ?"

"ಬಸ್ಸಲ್ಲೇ ಓಡಾಡ್ತೀನಿ. ನಿಮ್ಮ ಬ್ರೇಕ್ ನೆನಪಾದ್ರೆ ಈಗಲೂ ಕತ್ತು ಉಳುಕತ್ತೆ."

ಅತ್ತೆ ಕೈ ಚಾಚಿ ಆಕೆಯ ಕೈ ಕುಲುಕಿದರು. "ನೀವು ಗೆದ್ದೇ ಗೆಲ್ತೀರಿ ಬಿಡಮ್ಮ," ಎಂದರು. ಯಾಕೆಂದು ಯಾರೂ ಕೇಳಲಿಲ್ಲ.

ಲಾಯರಮ್ಮ ಪೆನ್ನು ತೆರೆದಳು. "ಗೇಟಲ್ಲಿ ಏನಾದ್ರೂ ಕಾಗದಕ್ಕೆ ಸಹಿ ಹಾಕಿದ್ರಾ?"

"ಹಾಕಿದೆ. ಏನಾದ್ರೂ ಆದ್ರೆ ನಾವು ಜವಾಬ್ದಾರರಲ್ಲ ಅಂತ ಇತ್ತಂತೆ."

"ಓದಲಿಲ್ವಾ?"

"ಹಿಂದೆ ಕ್ಯೂ ಇತ್ತು."

"ಯಾರೂ ಓದಲ್ಲ. ಅದರಿಂದಲೇ ನಮ್ಮ ಹೊಟ್ಟೆ ತುಂಬ್ತಿರೋದು. ಇರಲಿ, ಸಹಿ ಹಾಕಿದ ಮಾತ್ರಕ್ಕೆ ಅವರ ಎಲ್ಲಾ ಅಜಾಗರೂಕತೆಗೂ ಮಾಫಿ ಸಿಗಲ್ಲ. ದಿಣ್ಣೆಗೆ ಬಿಡೋ ಗಾಡಿನ ಅವರು ಸರಿಯಾಗಿ ಇಟ್ಕೊಂಡಿರಬೇಕು, ಕೂರೋರಿಗೆ ಹೇಗೆ ಕೂರಬೇಕು ಅಂತ ಹೇಳಿಕೊಡಬೇಕು. ಹೇಳಿಕೊಟ್ರಾ?"

"ಹೆಲ್ಮೆಟ್ ಕೊಟ್ಟು, 'ಖುಷಿಯಾಗಿರಿ' ಅಂದ್ರು," ಎಂದಳು ಹೆಂಡತಿ.

"ಹಾಗಾದ್ರೆ ಮೈದಾನದ ಮಾಲೀಕನನ್ನ ಕೇಳಬಹುದು. ಗಾಡಿಯ ಡಿಸೈನಲ್ಲೇ ದೋಷ ಇದ್ರೆ ತಯಾರು ಮಾಡಿದ ಕಂಪನಿನೂ ಕೇಳಬಹುದು. ಗಾಡಿಗೆ ಇನ್ಶೂರೆನ್ಸ್ ಇದ್ರೆ ಅವರ ಬಾಗಿಲೂ ತಟ್ಟಬಹುದು. ಆಮೇಲೆ..." ಆಕೆ ಪೆನ್ನಿನ ತುದಿಯನ್ನು ಗಲ್ಲಕ್ಕೆ ಒತ್ತಿಕೊಂಡಳು. "ಎಲ್ಲಕ್ಕಿಂತ ಸುಲಭದ ದಾರಿ ಅಂದ್ರೆ ಡ್ರೈವರ್. ಅಡ್ಡಾದಿಡ್ಡಿ ಓಡಿಸಿ ಪಕ್ಕದಲ್ಲಿ ಕೂತವರ ಕಾಲು ಮುರಿದ್ರು ಅಂತ. ಅದಾದ್ರೆ ನಿಮ್ಮ ಹೆಸರಿಗೆ ಒಂದು ಹನಿ ಕೆಸರೂ ಸಿಡಿಯಲ್ಲ. ಡ್ರೈವರ್ ಯಾರು?"

"ನಾನೇ," ಎಂದು ಅತ್ತೆ ಬೆನ್ನು ನೆಟ್ಟಗೆ ಮಾಡಿದರು, ಬಹುಮಾನಕ್ಕೆ ಹೆಸರು ಕೂಗಿದವರ ಹಾಗೆ.

ಲಾಯರಮ್ಮ ಪೆನ್ನನ್ನು ಗಲ್ಲದಿಂದ ಕೆಳಗಿಳಿಸಿದಳು.

"ಅಮ್ಮನಿಗೆ ಬರೋ ವಾರ ಲೈಸೆನ್ಸ್ ಟೆಸ್ಟ್ ಇದೆ," ಎಂದಳು ಹೆಂಡತಿ ಮೆಲ್ಲಗೆ. "ಇಂಥ ಕೇಸಿದೆ ಅಂತ ಗೊತ್ತಾದ್ರೆ?"

"ಮೈದಾನದಲ್ಲಿ ಆಗಿದ್ದಕ್ಕೂ ಟೆಸ್ಟಿಗೂ ಸಂಬಂಧ ಇಲ್ಲ. ಆದ್ರೆ ಇವರ ಅರ್ಜಿಗೆ 'ಕಲಿತಿದ್ದಾರೆ' ಅಂತ ಸಹಿ ಹಾಕೋದು ಯಾರು? ಮೇಷ್ಟ್ರೇ. ಒಂದು ಕೈಯಲ್ಲಿ 'ಚೆನ್ನಾಗಿ ಓಡಿಸ್ತಾರೆ' ಅಂತ ಬರೆದು, ಇನ್ನೊಂದು ಕೈಯಲ್ಲಿ 'ಅಡ್ಡಾದಿಡ್ಡಿ ಓಡಿಸ್ತಾರೆ' ಅಂತ ಬರೆಯೋಕಾಗಲ್ಲ. ಯಾವುದಾದ್ರೂ ಒಂದೇ."

ಮೇಷ್ಟ್ರು ತಲೆ ತಗ್ಗಿಸಿದರು. ಅತ್ತೆ ಆ ಲೈಸೆನ್ಸಿಗಾಗಿ ಮನೆಯಲ್ಲಿ ಮಾಡುತ್ತಿದ್ದ ಸಾಧನೆ ಅವರ ಕಣ್ಣ ಮುಂದೆ ಬಂತು. ಸಾರಿನ ಪಾತ್ರೆಯಲ್ಲಿ ಸೌಟು ಆಡಿಸುವಾಗಲೂ ಗೇರ್ ಹಾಕಿದಂತೆಯೇ ಆಡಿಸುತ್ತಿದ್ದರು. ಅಡುಗೆಮನೆಯಿಂದ ಹೊರಗೆ ಬರುವಾಗ ಹಿಮ್ಮುಖವಾಗಿ, ಎರಡೂ ಕಡೆ ನೋಡಿಕೊಂಡೇ ಬರುತ್ತಿದ್ದರು. ಮೊನ್ನೆ ಬಚ್ಚಲಿಗೆ ಹೋಗುವಾಗ ಬಲಗೈ ಚಾಚಿ ಸನ್ನೆ ಮಾಡಿ ತಿರುಗಿದ್ದನ್ನು ಮೇಷ್ಟ್ರೇ ನೋಡಿದ್ದರು.

"ಬರೀರಮ್ಮ, ನನ್ನ ಹೆಸರೇ ಬರೀರಿ," ಎಂದರು ಅತ್ತೆ. "ಅಳಿಯಂದ್ರ ಸ್ಕೂಲು ಉಳಿದ್ರೆ ಸಾಕು. ನನಗೇನು, ಬಸ್ಸಿದೆ." ಹಾಗೆಂದು ಕಿಟಕಿಯಾಚೆ ಮುಖ ತಿರುಗಿಸಿಕೊಂಡರು. ಅಲ್ಲಿ ಒಂದು ಬಸ್ಸು ಹೊಗೆ ಉಗುಳುತ್ತ ನಿಂತಿತ್ತು. ಅದನ್ನು ನೋಡಿದ ಅವರ ಮುಖ ಇನ್ನಷ್ಟು ಸಪ್ಪೆಯಾಯಿತು.

"ಬರೆಯೋಕೆ ಮುಂಚೆ ನನಗೊಂದು ಸಲ ಮಾಡಿ ತೋರಿಸಿ," ಎಂದಳು ಲಾಯರಮ್ಮ. ಎರಡು ಕುರ್ಚಿಗಳನ್ನು ಅಕ್ಕಪಕ್ಕ ಎಳೆದು ಅತ್ತೆ-ಅಳಿಯನನ್ನು ಕೂರಿಸಿ, ಮೇಷ್ಟ್ರ ಕಾಲನ್ನು ಸ್ಟೂಲಿನ ಮೇಲಿಟ್ಟಳು. ಅತ್ತೆಯ ಕೈಗೆ ಸ್ಟೂಲಿನ ದುಂಡು ದಿಂಬನ್ನು ಕೊಟ್ಟಳು. "ಇದು ಸ್ಟೇರಿಂಗ್. ಅಗೋ ಆ ಬೀರು ಇದೆಯಲ್ಲ, ಅದು ದಿಣ್ಣೆ. ಹೊರಡಿ."

ಅತ್ತೆಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಬಾಯಲ್ಲೇ ಇಂಜಿನ್ ಶುರುಮಾಡಿದರು. ಗೇರ್ ಬದಲಾಯಿಸಿದರು. ದಿಂಬನ್ನು ಅಪ್ಪಿಕೊಂಡು ಮುಂದಕ್ಕೆ ಬಾಗಿ, ಗಂಟಲಿನಿಂದ ಭರ್ರೆಂದು ಎಂಥ ಸದ್ದು ಹೊರಡಿಸಿದರೆಂದರೆ, ಕೆಳಗಿನ ಕನ್ನಡಕದಂಗಡಿಯವನು ಮೆಟ್ಟಿಲ ಬುಡಕ್ಕೆ ಬಂದು "ಏನದು?" ಎಂದು ಕೂಗಿದ. ಬೀರು ಹತ್ತಿರ ಬಂತು. ಅಥವಾ ಬಂದಂತೆ ಮೇಷ್ಟ್ರಿಗೆ ಅನ್ನಿಸಿತು. ಪ್ಲಾಸ್ಟರಿನ ಕಾಲು ಸ್ಟೂಲಿನಿಂದ ಎದ್ದು, ನೆಲಕ್ಕೆ ಧಡ್ ಎಂದು ಅಪ್ಪಳಿಸಿತು.

"ಅಯ್ಯಯ್ಯಮ್ಮಾ!"

ಲಾಯರಮ್ಮ ಪೆನ್ನು ಕೆಳಗಿಟ್ಟಳು. "ಮೇಷ್ಟ್ರೇ, ಈಗ ಏನು ಮಾಡಿದ್ರಿ?"

"ಏನಿಲ್ಲ... ಕಾಲು ಜೋಮು..."

"ಬ್ರೇಕ್ ಒತ್ತಿದ್ರು," ಎಂದರು ಅತ್ತೆ. ನಿಧಾನವಾಗಿ ಅವರ ಕಣ್ಣು ಅಗಲವಾದವು. "ಕುರ್ಚಿಗೂ ಬ್ರೇಕ್ ಒತ್ತಿದ್ರು. ಅಳಿಯಂದ್ರೇ! ಅವತ್ತು ಕಿರುಚಿದ್ದು ಖುಷಿಗಲ್ವಾ?"

ಮೇಷ್ಟ್ರ ಮುಖ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬೆರಳ ಸಂದಿಯಿಂದ ಸೋರತೊಡಗಿತು.

"ನಿಮ್ಮ ತಪ್ಪಿನ ಪಾಲು ಇದ್ರೆ ಪರಿಹಾರಕ್ಕೆ ಅಷ್ಟು ಕತ್ತರಿ ಬೀಳತ್ತೆ," ಎಂದಳು ಲಾಯರಮ್ಮ, ನಗದಿರಲು ಬಹಳ ಕಷ್ಟಪಡುತ್ತ. "ಆದ್ರೂ ಕೇಸಿದೆ. ಮನುಷ್ಯ ಕಾಲಿಡೋ ಜಾಗದಲ್ಲಿ ಕಾಲು ತೂರೋವಷ್ಟು ಸಂದಿ ಬಿಟ್ಟಿದ್ದಾರಲ್ಲ, ಅದು ಯಾರ ತಪ್ಪು? ಎರಡು ದಾರಿ ಇದೆ ಈಗ. ಡ್ರೈವರ್ ಮೇಲೆ ಹಾಕಿದ್ರೆ ಬ್ರೇಕಿನ ಮಾತೇ ಬೇಡ, ನಾಲ್ಕು ಗೋಡೆಯೊಳಗೇ ಉಳಿಯತ್ತೆ. ಮಾಲೀಕನ ಮೇಲೆ ಹಾಕಿದ್ರೆ ನಿಜ ಹೇಳಬೇಕು. ಇಲ್ಲದ ಬ್ರೇಕ್ ಒತ್ತಿದೆ ಅಂತ ನೋಟಿಸಲ್ಲಿ ಬರೀಬೇಕು. ಊರಿಗೆಲ್ಲ ಗೊತ್ತಾಗತ್ತೆ."

ಮೇಷ್ಟ್ರು ಊರುಗೋಲಿನ ರಬ್ಬರನ್ನು ಉಗುರಿನಿಂದ ಕೀಳುತ್ತ ಕೂತರು. ಎದುರಿನವನ ಬಾಗಿಲಿಗೆ ಬರುವ ಹೊಸ ಬೋರ್ಡ್ ಹೇಗಿರಬಹುದೆಂದು ಕಲ್ಪಿಸಿಕೊಂಡರು. ಆಮೇಲೆ ಅತ್ತೆಯ ಕಡೆ ನೋಡಿದರು. ಅವರಿನ್ನೂ ದಿಂಬನ್ನು ಬಿಟ್ಟಿರಲಿಲ್ಲ. ಗಾಡಿ ನಿಂತ ಮೇಲೂ ಎರಡೂ ಕೈ ಸರಿಯಾದ ಜಾಗದಲ್ಲೇ ಇದ್ದವು.

"ಬರ್ಕೊಳ್ಳಿ," ಎಂದರು ಮೇಷ್ಟ್ರು. "ಬ್ರೇಕ್ ಇರಲಿಲ್ಲ. ನಾನು ಒತ್ತಿದೆ." ಗಂಟಲು ಸರಿಮಾಡಿಕೊಂಡರು. "ಅತ್ತೆ ಚೆನ್ನಾಗಿಯೇ ಓಡಿಸಿದ್ರು."

ಅತ್ತೆ ದಿಂಬು ಹಿಡಿದುಕೊಂಡೇ ಅಳಿಯನ ಕಡೆ ಪೂರ್ತಿ ತಿರುಗಿದರು. ಆಮೇಲೆ, "ಇನ್ನೊಂದ್ ಸಲ ಹೇಳಿ," ಎಂದರು.

"ಹೇಳಾಯ್ತಲ್ಲ."

"ಆ ಬಸ್ಸಿನ ಗದ್ದಲದಲ್ಲಿ ಕೇಳಿಸಲಿಲ್ಲ."

"ಬಸ್ಸು ಆಗಲೇ ಹೋಯ್ತು ಅತ್ತೆ."

"ಲಾಯರಮ್ಮ, ಆ ಸಾಲನ್ನ ದಪ್ಪ ಅಕ್ಷರದಲ್ಲಿ ಹಾಕೋಕಾಗತ್ತಾ?"

ನೋಟಿಸು ಹೋಯಿತು. ಸುದ್ದಿ ಅದಕ್ಕಿಂತ ಮೊದಲೇ ಹೋಯಿತು, ಕನ್ನಡಕದಂಗಡಿಯವನ ಕಿವಿ ಚುರುಕು. ಎದುರಿನ ಬಾಗಿಲಲ್ಲಿ ಹೊಸ ಬೋರ್ಡ್ ಬಂತು: 'ನಮ್ಮಲ್ಲಿ ಇರುವ ಬ್ರೇಕನ್ನು ಮಾತ್ರ ಒತ್ತಲಾಗುತ್ತದೆ.' ಉಳಿದಿದ್ದ ವಿದ್ಯಾರ್ಥಿಗಳ ಮನೆಯಲ್ಲೂ ಕೆಲಸ ಶುರುವಾಯಿತು. ಬೇಕರಿಗೆ ಹೋದರೆ ಹುಡುಗರಿಂದ ಮುದುಕರವರೆಗೆ ಎಲ್ಲರೂ ಮೇಷ್ಟ್ರ ಕಾಲನ್ನೇ ನೋಡಿ, ನೆಲಕ್ಕೆ ಒಮ್ಮೆ ಕಾಲು ಒತ್ತಿ, ಕಿಸಕ್ಕೆಂದು ನಕ್ಕು ಸರಿಯುತ್ತಿದ್ದರು. ಈ ಮಧ್ಯೆ ಅತ್ತೆ ಟೆಸ್ಟಿನಲ್ಲಿ ಒಂದೇ ಏಟಿಗೆ ಪಾಸಾದದ್ದು ಮನೆಯ ಏಕೈಕ ಸಂತೋಷ. ಪರೀಕ್ಷೆ ಮಾಡಿದ ಅಧಿಕಾರಿ ಕೈಕಟ್ಟಿ ಕೂತಿದ್ದ, ಅಷ್ಟೇ. "ಎಂಥ ಸಭ್ಯ ಮನುಷ್ಯ!" ಎಂದು ಅತ್ತೆ ವಾರವಿಡೀ ಹೊಗಳಿದರು.

ಅಷ್ಟರಲ್ಲಿ ಮಾಲೀಕನ ಉತ್ತರ ಬಂತು. ಲಾಯರಮ್ಮ ಫೋನಿನಲ್ಲೇ ಓದಿದಳು. "'ಇಲ್ಲದ ವಸ್ತುವಿನಿಂದ ಆದ ಗಾಯಕ್ಕೆ ನಾವು ಹೊಣೆಯಲ್ಲ. ತಲೆ ನೆಟ್ಟಗಿರುವ ಯಾವ ಮನುಷ್ಯನೂ ಬಗ್ಗಿಯಲ್ಲಿ ಹಾಗೆ ಕಾಲು ಒತ್ತುವುದಿಲ್ಲ.'"

ಮೇಷ್ಟ್ರು ಕುಗ್ಗಿಹೋದರು. "ಮುಗೀತಲ್ಲ ಹಾಗಾದ್ರೆ."

"ಮುಗೀತಾ? ಈ ಒಂದು ಸಾಲಿಗೆ ಅವರ ಕಾಲಿಗೆ ಬೀಳಬೇಕು ಅನ್ನಿಸ್ತಿದೆ ನನಗೆ. ಶನಿವಾರ ಮೈದಾನಕ್ಕೆ ಬನ್ನಿ. ಎರಡೂ ಕಡೆಯೋರು ಸೇರಿ ಗಾಡಿ ನೋಡೋಣ ಅಂತ ಒಪ್ಪಿಸಿದ್ದೀನಿ. ಅಮ್ಮನ್ನೂ ಕರ್ಕೊಂಡು ಬನ್ನಿ."

ಅಮ್ಮನೇ ಎಲ್ಲರನ್ನೂ ಕರೆದುಕೊಂಡು ಬಂದರು, ಕಾರು ಓಡಿಸಿಕೊಂಡು. ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು, ಹೆಂಡತಿಯ ಮೊಣಕೈ ಹಿಚುಕುತ್ತ ಬಂದರು.

ಮಾಲೀಕ ದೊಡ್ಡ ಆಳು. ಧೂಳೇ ಧೂಳಾದ ಆ ಜಾಗದಲ್ಲೂ ಅವನ ಶೂ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದವು. ಕೆಲಸಗಾರರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದ, ಮೇಷ್ಟ್ರನ್ನು ತೋರಿಸಲು. "ಇವರೇ ನೋಡ್ರೋ, ಇಲ್ಲದ ಬ್ರೇಕಿನೋರು." ಸಾಲು ನಕ್ಕಿತು. ಮೇಷ್ಟ್ರು ತಮಗೆ ಕೊಟ್ಟ ಕುರ್ಚಿಯಲ್ಲಿ ಕೂತು ನೆಲ ನೋಡಿದರು.

"ನೋಡಿ ಮೇಡಂ," ಎಂದ ಮಾಲೀಕ, "ಈ ದಿಣ್ಣೆನ ನಾನು ಎಷ್ಟು ಸಲ ಹತ್ತಿದ್ದೀನೋ ಲೆಕ್ಕ ಇಲ್ಲ. ಕಾಲು ಇಟ್ಟಲ್ಲೇ ಇರತ್ತೆ. ಬನ್ನಿ, ಓಡಿಸಿ ತೋರಿಸ್ತೀನಿ."

"ಓಡಿಸೋದು ಬೇಡ ಸಾರ್. ಪಕ್ಕದಲ್ಲಿ ಯಾವತ್ತಾದ್ರೂ ಕೂತಿದ್ದೀರಾ?"

ಮಾಲೀಕ ಯೋಚಿಸಿದ. "ನನ್ನ ಗಾಡಿ, ನಾನ್ಯಾಕೆ ಪಕ್ಕದಲ್ಲಿ ಕೂರಲಿ?"

"ಇವತ್ತು ಕೂರಿ. ಅಮ್ಮ ಓಡಿಸ್ತಾರೆ. ನಿಮ್ಮ ಕಾಲು ಇಟ್ಟಲ್ಲೇ ಇದ್ರೆ ನೋಟಿಸು ಇಲ್ಲೇ ಹರಿದುಹಾಕ್ತೀನಿ."

ಮಾಲೀಕ ಜೋರಾಗಿ ನಕ್ಕು ಹತ್ತಿ ಕೂತ. ಅತ್ತೆ ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಎರಡೂ ಕಡೆ ನೋಡಿ, ಯಾರೂ ಇಲ್ಲದ ಮೈದಾನಕ್ಕೆ ಬಲಗೈ ಸನ್ನೆ ಕೊಟ್ಟು ಹೊರಟರು. ಶಾಂತವಾಗಿ, ನೇರವಾಗಿ, ಮಗುವನ್ನು ತೊಟ್ಟಿಲಲ್ಲಿಟ್ಟು ತಳ್ಳಿದ ಹಾಗೆ. ದಿಣ್ಣೆ ಎದುರಿಗೆ ಎದ್ದಿತು. ಅತ್ತೆ ಆಕ್ಸಿಲರೇಟರ್ ಒತ್ತಿದರು. ಬಗ್ಗಿ ಮೂತಿ ಎತ್ತಿತು. ಮುಂದಿದ್ದ ಜಗತ್ತೆಲ್ಲ ಮಾಯವಾಗಿ ಬರೀ ಆಕಾಶ ಕಾಣುವ ಆ ಜಾಗವನ್ನು ಮೇಷ್ಟ್ರು ಚೆನ್ನಾಗಿ ಬಲ್ಲರು. ಕುರ್ಚಿಯಲ್ಲಿ ಕೂತಲ್ಲೇ ಅವರು ಪ್ಲಾಸ್ಟರಿನ ಕಾಲನ್ನು ಎರಡೂ ಕೈಯಿಂದ ಅದುಮಿ ಹಿಡಿದರು.

"ನಿಲ್ಸೀ! ಅಮ್ಮಾ, ನಿಲ್ಸೀ!" ಎಂದು ಮಾಲೀಕನ ದನಿ ಮೈದಾನವನ್ನೆಲ್ಲ ತುಂಬಿತು.

ಬಗ್ಗಿ ನೆತ್ತಿಯಲ್ಲಿ ನಾಜೂಕಾಗಿ ನಿಂತಿತು. ದಿಣ್ಣೆಯ ಅರ್ಧ ದಾರಿಯಲ್ಲಿ, ಮಣ್ಣಿನಲ್ಲಿ ನೆಟ್ಟಗೆ ಊರಿಕೊಂಡು, ಒಂದು ಹೊಳೆಯುವ ಶೂ ಉಳಿದಿತ್ತು.

ಕೆಲಸಗಾರರ ಸಾಲು ಮೊದಲು ಶೂವನ್ನು ನೋಡಿತು, ಆಮೇಲೆ ಮೇಲೆ ಒಂಟಿಕಾಲಲ್ಲಿ ಇಳಿಯುತ್ತಿದ್ದ ಮಾಲೀಕನನ್ನು ನೋಡಿತು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಾಗದೆ ದಿಕ್ಕಿಗೊಬ್ಬರಂತೆ ತಿರುಗಿ ನಿಂತಿತು. ಅವರ ಭುಜಗಳು ಮಾತ್ರ ಕುಣಿಯುತ್ತಿದ್ದವು.

"ಕಾಲಿಗೇನೂ ಆಗಲಿಲ್ಲ ತಾನೇ?" ಎಂದು ಅತ್ತೆ ವಿಚಾರಿಸಿದರು. "ಇನ್ನೊಂದು ಸುತ್ತು ಹೋಗಿ ಸರಿಯಾಗಿ ನೋಡೋಣ್ವಾ?"

"ಬೇಡ! ಒಪ್ಪಿದೆ. ಏನು ಕೇಳ್ತೀರೋ ಎಲ್ಲಾ ಒಪ್ಪಿದೆ."

ಅಲ್ಲೇ ನಿಂತಿದ್ದ ಇನ್ನೊಂದು ಬಗ್ಗಿಯ ಸೀಟಿನ ಮೇಲೆ ಕಾಗದವಿಟ್ಟು ಲಾಯರಮ್ಮ ರಾಜಿ ಬರೆದಳು. ಆಸ್ಪತ್ರೆಯ ಖರ್ಚು ಮಾಲೀಕನದು. ಎಲ್ಲ ಗಾಡಿಗಳ ಸಂದಿಗೂ ತಗಡು ಹೊಡೆಸುವುದು. ಪಕ್ಕದಲ್ಲಿ ಕೂರುವವರಿಗೆ ಕಾಲು ಎಲ್ಲಿಡಬೇಕೆಂದು ಬಾಯಿಬಿಟ್ಟು ಹೇಳುವುದು. "ಕೊನೆಗೆ," ಎಂದಳು ಆಕೆ, "ಮೇಷ್ಟ್ರು ಕೇಳಿದ್ದ ಸಾಲು. 'ಅದೇ ಜಾಗದಲ್ಲಿ ಮಾಲೀಕರೂ ಇಲ್ಲದ ಬ್ರೇಕನ್ನು ಒತ್ತಿದರು. ಆದ್ದರಿಂದ ಮೇಷ್ಟ್ರ ತಪ್ಪೇನೂ ಇಲ್ಲ.' ಫ್ರೇಮ್ ಹಾಕಿಸಬಹುದು."

ಮಾಲೀಕ ಕುಂಟುತ್ತ ಮೇಷ್ಟ್ರ ಕುರ್ಚಿಯ ಬಳಿಗೆ ಬಂದ. ದನಿ ನೆಲಕ್ಕಿಳಿದಿತ್ತು. "ಮೇಷ್ಟ್ರೇ, ಇನ್ನೇನು ಬೇಕಾದ್ರೂ ಬರೆಸ್ಕೊಳ್ಳಿ. ಅದೊಂದು ಬೇಡ. ಈ ಹುಡುಗರ ಮುಂದೆ ನಾನು ದಿನಾ ಓಡಾಡಬೇಕು. ಊರಲ್ಲಿ ಗೊತ್ತಾದ್ರೆ..."

ಮೇಷ್ಟ್ರು ಅವನ ಮುಖ ನೋಡಿದರು. ಆ ಮುಖವನ್ನು ಅವರು ಇಷ್ಟು ದಿನ ಕನ್ನಡಿಯಲ್ಲಿ ನೋಡುತ್ತಿದ್ದರು. ಬಾಗಿಲಿಗೆ ನೇತುಹಾಕಬೇಕೆಂದಿದ್ದ ಫ್ರೇಮು, ಎದುರಿನವನ ಕಂಗಾಲು ಮುಖ, ಮತ್ತೆ ಬರಬೇಕಿದ್ದ ವಿದ್ಯಾರ್ಥಿಗಳು, ಎಲ್ಲ ಕಣ್ಣ ಮುಂದೆ ಬಂದು ಹೋದವು. ನಾಲಿಗೆ ತುದಿಯಲ್ಲಿದ್ದ 'ಇಲ್ಲ' ಯಾಕೋ ಹೊರಬರಲಿಲ್ಲ.

"ಆ ಸಾಲು ಹೊಡೆದುಹಾಕಿ ಲಾಯರಮ್ಮ," ಎಂದರು.

"ಮೇಷ್ಟ್ರೇ! ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು?"

"ಹೊಡೆದುಹಾಕಿ. ಶೂ ವಿಷಯ ನಾನು ಯಾರಿಗೂ ಹೇಳಲ್ಲ ಅಂತಲೂ ಬರೀರಿ. ಪಾಪ."

ಮಾಲೀಕ ಅವರ ಎರಡೂ ಕೈ ಹಿಡಿದುಕೊಂಡ. ಇಬ್ಬರೂ ಸಹಿ ಹಾಕಿದರು. ಲಾಯರಮ್ಮ ಸಾಕ್ಷಿಯಾಗಿ ಹೆಂಡತಿಯ ಸಹಿ ತೆಗೆದುಕೊಂಡಳು. ಇದನ್ನೆಲ್ಲ ಹೆಲ್ಮೆಟ್ ಕಳಚುತ್ತ ನೋಡುತ್ತಿದ್ದ ಅತ್ತೆ ಹತ್ತಿರ ಬಂದರು.

"ಅಮ್ಮಾ ಲಾಯರಮ್ಮ, ನನ್ನ ಸಹಿ ಬೇಡ್ವಾ?"

"ಬೇಡ ಅಮ್ಮ. ಒಪ್ಪಂದ ಇವರಿಬ್ಬರ ನಡುವೆ. ನಿಮಗೂ ಅದಕ್ಕೂ ಸಂಬಂಧ ಇಲ್ಲ."

"ಹೇಳಬಾರದು ಅಂತ ಬರೆದಿರೋದು ಅಳಿಯಂದ್ರಿಗೆ ಮಾತ್ರ?"

ಲಾಯರಮ್ಮ ಪೆನ್ನಿನ ಕ್ಯಾಪನ್ನು ಬಹಳ ನಿಧಾನವಾಗಿ ಹಾಕಿದಳು. "ಕಾನೂನಿನ ಪ್ರಕಾರ, ಹೌದು."

ಮಾಲೀಕ ತಲೆ ಎತ್ತುವಷ್ಟರಲ್ಲಿ ಅತ್ತೆ ಫೋನನ್ನು ಕಿವಿಗಿಟ್ಟುಕೊಂಡಾಗಿತ್ತು.

"ಹಲೋ, ಬೇಕರಿನಾ? ಏನಪ್ಪಾ, ಅಂಗಡೀಲಿ ಜನ ಇದ್ದಾರಾ? ಫೋನ್ ಸ್ಪೀಕರಿಗೆ ಹಾಕು."